ಚೆಸ್ ಎಂಜಿನ್‌ಗಳ ರೇಟಿಂಗ್ ಪಟ್ಟಿ: ಎಷ್ಟು ನಂಬಬಹುದು, ಹೇಗೆ ಓದಬೇಕು

ಯಾವ ಚೆಸ್ ಎಂಜಿನ್ (ಚೆಸ್ ಆಡುವ ತಂತ್ರಾಂಶ) ಬಲಶಾಲಿ ಎಂಬ ಪ್ರಶ್ನೆ ಬಂದ ತಕ್ಷಣ ನಾವೆಲ್ಲ ರೇಟಿಂಗ್ ಪಟ್ಟಿ ತೆರೆಯುತ್ತೇವೆ. ಮೇಲಿರುವುದು ಜಾಸ್ತಿ ಬಲಶಾಲಿ, ಕೆಳಗಿರುವುದು ಕಡಿಮೆ ಎಂದುಕೊಳ್ಳುತ್ತೇವೆ. 3 ಅಂಕ ಮೇಲಿದೆ ಎಂದು ಹೊಸ ಎಂಜಿನ್ ಹಾಕಿಕೊಂಡು ಹಳೆಯದನ್ನು ಅಳಿಸುವವರಿದ್ದಾರೆ. ಎರಡು ಬೇರೆ ಪಟ್ಟಿಗಳ ಅಂಕಗಳನ್ನು ಪಕ್ಕಪಕ್ಕ ಇಟ್ಟು ಗಂಟೆಗಟ್ಟಲೆ ವಾದ ಮಾಡುವವರೂ ಇದ್ದಾರೆ. ಪಟ್ಟಿ ನಡೆಸುವವರು ಇಂಥ ಮಾತು ಹೇಳಿಯೇ ಇರುವುದಿಲ್ಲ. ಓದುವ ನಾವು ಅದನ್ನು ಸೇರಿಸಿಕೊಂಡಿರುತ್ತೇವೆ.

ರೇಟಿಂಗ್ ಎಂಜಿನ್ನಿನ ಹುಟ್ಟುಗುಣ ಅಲ್ಲ. ಇಂಥ ಕಂಪ್ಯೂಟರಿನಲ್ಲಿ, ಇಷ್ಟು ಸಮಯ ಕೊಟ್ಟು, ಇಂಥ ಓಪನಿಂಗ್‌ಗಳಿಂದ (ಆಟದ ಆರಂಭದ ನಡೆಗಳಿಂದ), ಇಂಥ ಎದುರಾಳಿಗಳ ಜೊತೆ ಆಡಿಸಿದಾಗ ಬಂದ ಫಲಿತಾಂಶದ ಲೆಕ್ಕ ಅದು. ಈ ನಾಲ್ಕರಲ್ಲಿ ಯಾವುದು ಬದಲಾದರೂ ಅಂಕ ಬದಲಾಗುತ್ತದೆ. ಹಾಗೆಂದು ಪಟ್ಟಿಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಸ್ವಂತ ಕಂಪ್ಯೂಟರ್‌ಗಳಲ್ಲಿ ವರ್ಷಗಟ್ಟಲೆ ಲಕ್ಷಾಂತರ ಆಟ ಆಡಿಸಿ ಲೆಕ್ಕ ಇಟ್ಟಿರುವ ಸ್ವಯಂಸೇವಕರ ದುಡಿಮೆ ಅದು. ನನಗೆ ಆ ಕೆಲಸದ ಮೇಲೆ ತುಂಬ ಗೌರವವಿದೆ. ಅದನ್ನು ಸರಿಯಾಗಿ ಓದುವುದನ್ನು ಕಲಿಯೋಣ.

ಮೊದಲು ಅಂತರವನ್ನು ಶೇಕಡಾವಾರಿಗೆ ಇಳಿಸಿ

ಪಟ್ಟಿಯಲ್ಲಿ ಕಾಣುವ 3500, 3600 ಎಂಬ ಸಂಖ್ಯೆ ಒಂದೇ ಇದ್ದರೆ ಏನನ್ನೂ ತಿಳಿಸುವುದಿಲ್ಲ. ಅರ್ಥ ಇರುವುದು ಎರಡು ಸಂಖ್ಯೆಗಳ ನಡುವಿನ ಅಂತರಕ್ಕೆ. ಈ ಪದ್ಧತಿಯನ್ನು ರೂಪಿಸಿದವರು ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಭೌತಶಾಸ್ತ್ರದ ಪ್ರೊಫೆಸರ್ ಅರ್ಪಾಡ್ ಎಲೋ. ವಿಶ್ವ ಚೆಸ್ ಸಂಸ್ಥೆ ಫಿಡೆ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಗೆಲುವಿಗೆ 1, ಡ್ರಾಗೆ ಅರ್ಧ ಪಾಯಿಂಟ್ ಎಂದಿಟ್ಟುಕೊಂಡರೆ, ಇಬ್ಬರ ರೇಟಿಂಗ್ ಅಂತರದಿಂದ ಯಾರು ಶೇಕಡಾ ಎಷ್ಟು ಪಾಯಿಂಟ್ ಗಳಿಸಬಹುದು ಎಂದು ಅಂದಾಜು ಮಾಡುವುದೇ ಎಲೋ ಲೆಕ್ಕದ ಕೆಲಸ.

ಕೆಲವು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡರೆ ತುಂಬ ಸಹಾಯವಾಗುತ್ತದೆ. 400 ಅಂಕದ ಅಂತರವಿದ್ದರೆ ಮೇಲಿನವರಿಗೆ ಸುಮಾರು ಶೇ. 91 ಪಾಯಿಂಟ್ ಸಿಗಬೇಕು. 200ಕ್ಕೆ ಶೇ. 76. 100ಕ್ಕೆ ಶೇ. 64. 50ಕ್ಕೆ ಶೇ. 57. 20ಕ್ಕೆ ಶೇ. 53ಕ್ಕೂ ಸ್ವಲ್ಪ ಕಡಿಮೆ. 5 ಅಂಕಕ್ಕೆ ಶೇ. 50.7 ಮಾತ್ರ. ಅಂದರೆ 5 ಅಂಕ ಮುಂದಿರುವ ಎಂಜಿನ್ ಸಾವಿರ ಆಟದಲ್ಲಿ 507 ಪಾಯಿಂಟ್ ಗಳಿಸುತ್ತದೆ, ಇನ್ನೊಂದು 493 ಗಳಿಸುತ್ತದೆ. ಆಟ ನೋಡುವ ಮನುಷ್ಯನ ಕಣ್ಣಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಎಂಜಿನ್ ಅಂಕವನ್ನು ಮನುಷ್ಯರ ಅಂಕದ ಜೊತೆ ಹೋಲಿಸುವ ಆಸೆ ಎಲ್ಲರಿಗೂ ಇರುತ್ತದೆ. ಮ್ಯಾಗ್ನಸ್ ಕಾರ್ಲ್‌ಸನ್ 2014ರಲ್ಲಿ ಮುಟ್ಟಿದ ಗರಿಷ್ಠ ಫಿಡೆ ರೇಟಿಂಗ್ 2882. ಪಟ್ಟಿಯಲ್ಲಿ ಒಂದು ಎಂಜಿನ್ 3600 ಇದ್ದರೆ ಅಂತರ 718 ಎಂದು ಕಳೆಯಬೇಡಿ. ಇವರಿಬ್ಬರೂ ಒಂದೇ ಗುಂಪಿನಲ್ಲಿ ಆಡಿಲ್ಲ. ಎಂಜಿನ್ ಬಲಶಾಲಿ ಎನ್ನುವುದರಲ್ಲಿ ಅನುಮಾನವಿಲ್ಲ, ಆದರೆ ಎಷ್ಟು ಎಂಬ ಸಂಖ್ಯೆ ಈ ಎರಡು ಪಟ್ಟಿಗಳಿಂದ ಸಿಗುವುದಿಲ್ಲ. ಸ್ವೀಡನ್ನಿನ ಎಸ್‌ಎಸ್‌ಡಿಎಫ್ ಸಂಘ 1980ರ ದಶಕದಿಂದ ಚೆಸ್ ಕಂಪ್ಯೂಟರ್‌ಗಳ ಪಟ್ಟಿ ಮಾಡುತ್ತಿದೆ. ಅಲ್ಲಿನ ಟೂರ್ನಿ ಆಟಗಾರರ ಜೊತೆ ಕಂಪ್ಯೂಟರ್‌ಗಳು ಆಡಿದ ಆಟಗಳಿಂದ ಅವರು ತಮ್ಮ ಅಂಕದ ಮಟ್ಟ ನಿಗದಿ ಮಾಡಿದ್ದರು. ಅಂಕ ಹೆಚ್ಚಾಗಿದೆ ಅನಿಸಿ 2000ದಲ್ಲಿ ಇಡೀ ಪಟ್ಟಿಯಿಂದ 100 ಅಂಕ ಇಳಿಸಿದರು. ಒಂದು ಎಂಜಿನ್ನೂ ಅದರಿಂದ ದುರ್ಬಲವಾಗಲಿಲ್ಲ, ಯಾರ ಸ್ಥಾನವೂ ಬದಲಾಗಲಿಲ್ಲ. ಅಂತರಗಳೆಲ್ಲ ಹಾಗೇ ಉಳಿದವು.

ಎರಡನೆಯದು: ಷರತ್ತುಗಳನ್ನು ಓದಿ

ಪಟ್ಟಿಯ ಮೇಲುಗಡೆ ಅಥವಾ ಪಕ್ಕದ ಪುಟದಲ್ಲಿ ಆಟದ ಷರತ್ತುಗಳನ್ನು ಬರೆದಿರುತ್ತಾರೆ. ಹೆಚ್ಚಿನವರು ಅದನ್ನು ದಾಟಿ ನೇರವಾಗಿ ಮೊದಲ ಸ್ಥಾನಕ್ಕೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ.

ಹೆಚ್ಚು ಜನ ನೋಡುವ ಸಿಸಿಆರ್‌ಎಲ್ ಪಟ್ಟಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ 40/15 ಎಂಬ ಪಟ್ಟಿ ಒಂದಿದೆ, ಬ್ಲಿಟ್ಜ್ ಪಟ್ಟಿ ಇನ್ನೊಂದಿದೆ. 40/15 ಎಂದರೆ 40 ನಡೆಗಳಿಗೆ 15 ನಿಮಿಷ. ಬ್ಲಿಟ್ಜ್‌ನಲ್ಲಿ ಆಟಕ್ಕೆ 2 ನಿಮಿಷ, ಜೊತೆಗೆ ಪ್ರತಿ ನಡೆಗೆ 1 ಸೆಕೆಂಡ್. ಈ ಸಮಯ ಇಂಟೆಲ್‌ನ ಐ7 4770ಕೆ ಪ್ರೊಸೆಸರಿನ ಲೆಕ್ಕದಲ್ಲಿದೆ. ಅದು 2013ರ ಪ್ರೊಸೆಸರ್. ಪರೀಕ್ಷೆ ಮಾಡುವವರ ಯಂತ್ರ ಅದಕ್ಕಿಂತ ವೇಗವಾಗಿದ್ದರೆ ಸಮಯ ಕಡಿಮೆ ಮಾಡುತ್ತಾರೆ, ನಿಧಾನವಾಗಿದ್ದರೆ ಜಾಸ್ತಿ ಕೊಡುತ್ತಾರೆ. ಎದುರಾಳಿ ಯೋಚಿಸುವಾಗ ತಾನೂ ಯೋಚಿಸುವ ಪಾಂಡರಿಂಗ್ ಸೌಲಭ್ಯವನ್ನು ಎಲ್ಲ ಎಂಜಿನ್‌ಗಳಿಗೂ ಬಂದ್ ಮಾಡಿರುತ್ತಾರೆ. ಎಂಜಿನ್ನಿನ ಸ್ವಂತ ಓಪನಿಂಗ್ ಪುಸ್ತಕದ ಬದಲು ಎಲ್ಲರಿಗೂ ಸಾಮಾನ್ಯ ಪುಸ್ತಕ ಕೊಡುತ್ತಾರೆ.

ಸಮಯ ಹೊಂದಿಸುವ ಈ ಪದ್ಧತಿಯಲ್ಲಿ ಒಂದು ಸಣ್ಣ ಸಮಸ್ಯೆ ಇದೆ. ಯಂತ್ರದ ವೇಗವನ್ನು ಒಂದು ಎಂಜಿನ್ ಓಡಿಸಿ ಅಳೆಯುತ್ತಾರೆ. ಆದರೆ ಎಲ್ಲ ಎಂಜಿನ್‌ಗಳೂ ಹೊಸ ಪ್ರೊಸೆಸರ್‌ನಿಂದ ಒಂದೇ ಪ್ರಮಾಣದ ಲಾಭ ಪಡೆಯುವುದಿಲ್ಲ. ಸ್ಟಾಕ್‌ಫಿಶ್ ಎಂಬ ಎಂಜಿನ್ 2020ರಲ್ಲಿ ಎನ್‌ಎನ್‌ಯುಇ ಎಂಬ ನ್ಯೂರಲ್ ನೆಟ್‌ವರ್ಕ್ ಸೇರಿಸಿಕೊಂಡ ಮೇಲೆ ಬಹುತೇಕ ಎಂಜಿನ್‌ಗಳು ಅದೇ ದಾರಿ ಹಿಡಿದವು. ಇಂಥ ಎಂಜಿನ್‌ಗಳು ಎವಿಎಕ್ಸ್2 ಮುಂತಾದ ಸೌಲಭ್ಯವಿರುವ ಪ್ರೊಸೆಸರಿನಲ್ಲಿ ಜೋರಾಗಿ ಓಡುತ್ತವೆ. ಹಳೆಯ ಮಾದರಿಯ ಎಂಜಿನ್‌ಗಳಿಗೆ ಆ ಲಾಭ ಅಷ್ಟಾಗಿ ಇಲ್ಲ. ಹಾಗಾಗಿ ಬೇರೆ ಬೇರೆ ಯಂತ್ರಗಳ ಆಟಗಳನ್ನು ಒಟ್ಟಿಗೆ ಹಾಕಿದಾಗ ಒಂದಷ್ಟು ಮಸುಕು ಇದ್ದೇ ಇರುತ್ತದೆ.

ಥ್ರೆಡ್ ಸಂಖ್ಯೆಯನ್ನೂ, ಅಂದರೆ ಎಂಜಿನ್ ಏಕಕಾಲಕ್ಕೆ ಎಷ್ಟು ಎಳೆಗಳಲ್ಲಿ ಲೆಕ್ಕ ಮಾಡುತ್ತದೆ ಎನ್ನುವುದನ್ನೂ ಗಮನಿಸಿ. ಎಷ್ಟೋ ಸಲ ಒಂದೇ ಎಂಜಿನ್ ಪಟ್ಟಿಯಲ್ಲಿ ಎರಡು ಕಡೆ ಇರುತ್ತದೆ: ಒಂದು ಕೋರ್ ಬಳಸಿದ್ದು, ನಾಲ್ಕು ಕೋರ್ ಬಳಸಿದ್ದು. ಒಂದರ ನಾಲ್ಕು ಕೋರ್ ಅಂಕವನ್ನು ಇನ್ನೊಂದರ ಒಂದು ಕೋರ್ ಅಂಕದ ಜೊತೆ ಹೋಲಿಸಿದರೆ ನೀವು ಎಂಜಿನ್‌ಗಳನ್ನು ಹೋಲಿಸಿದಂತೆ ಆಗುವುದಿಲ್ಲ. ಲೀಲಾ ಚೆಸ್ ಝೀರೋ ತರಹದ, ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡುವ ಎಂಜಿನ್‌ಗಳ ವಿಷಯದಲ್ಲಿ ತೊಂದರೆ ಇನ್ನೂ ಜಾಸ್ತಿ. ಇಷ್ಟು ಕೋರ್‌ಗಳಿಗೆ ಇಂಥ ಕಾರ್ಡ್ ಸಮ ಎಂದು ಹೇಳುವ ಒಪ್ಪಿತ ಅಳತೆಯೇ ಇಲ್ಲ. ಪಟ್ಟಿಯವರು ಒಂದು ಕಾರ್ಡ್ ಆರಿಸಿರುತ್ತಾರೆ. ಅದು ನಿಮ್ಮ ಕಾರ್ಡ್ ಅಲ್ಲದಿದ್ದರೆ ಆ ಸಾಲಿನ ಅಂಕ ನಿಮಗೆ ಬರೀ ಸೂಚನೆ ಅಷ್ಟೆ.

ಷರತ್ತು ಎಷ್ಟು ಮುಖ್ಯ ಎಂದು ತಿಳಿಯಲು ಆಲ್ಫಾಝೀರೋ ಮತ್ತು ಸ್ಟಾಕ್‌ಫಿಶ್ 8ರ ನಡುವಿನ ಎರಡು ಪಂದ್ಯಗಳನ್ನು ನೋಡಿ. 2017ರ ಡಿಸೆಂಬರ್‌ನಲ್ಲಿ ಆಲ್ಫಾಝೀರೋ ತಯಾರಿಸಿದ ಗೂಗಲ್‌ನ ಡೀಪ್‌ಮೈಂಡ್ ಕಂಪನಿ ಪ್ರಕಟಿಸಿದ 100 ಆಟಗಳಲ್ಲಿ ಆಲ್ಫಾಝೀರೋ 28 ಗೆದ್ದಿತು, 72 ಡ್ರಾ ಆದವು, ಒಂದೂ ಸೋಲಲಿಲ್ಲ. ಅದು ಶೇ. 64, ಅಂದರೆ ಸುಮಾರು 100 ಎಲೋ ಅಂಕದ ಅಂತರ. ಆದರೆ ಪ್ರತಿ ನಡೆಗೂ ನಿಗದಿತ 1 ನಿಮಿಷ ಕೊಟ್ಟಿದ್ದರು. ಕಷ್ಟದ ನಡೆಗೆ ಜಾಸ್ತಿ ಸಮಯ ಉಳಿಸಿಕೊಳ್ಳುವ ಸ್ಟಾಕ್‌ಫಿಶ್‌ನ ಜಾಣತನಕ್ಕೆ ಅಲ್ಲಿ ಜಾಗವೇ ಇರಲಿಲ್ಲ. 64 ಥ್ರೆಡ್‌ಗಳಿಗೆ ಸೇರಿ ಕೊಟ್ಟ ಹ್ಯಾಶ್ ಮೆಮೊರಿ (ಈಗಾಗಲೇ ನೋಡಿದ ಸ್ಥಿತಿಗಳನ್ನು ನೆನಪಿಡುವ ಜಾಗ) 1 ಜಿಬಿ ಮಾತ್ರ. ಟೀಕೆ ಬಂತು. 2018ರಲ್ಲಿ ಪ್ರಕಟವಾದ ವಿವರವಾದ ಪ್ರಬಂಧದಲ್ಲಿ 1000 ಆಟಗಳ ಪಂದ್ಯ ಇತ್ತು: ಆಟಕ್ಕೆ 3 ಗಂಟೆ, ಪ್ರತಿ ನಡೆಗೆ 15 ಸೆಕೆಂಡ್ ಹೆಚ್ಚುವರಿ. ಅದರಲ್ಲಿ ಆಲ್ಫಾಝೀರೋ 155 ಗೆದ್ದು 6 ಸೋತಿತು. ಲೆಕ್ಕ ಹಾಕಿದರೆ ಶೇ. 57.45, ಸುಮಾರು 52 ಎಲೋ. ಎರಡರಲ್ಲೂ ಗೆದ್ದದ್ದು ಆಲ್ಫಾಝೀರೋನೇ, ಅಂತರ ಮಾತ್ರ ಅರ್ಧಕ್ಕೆ ಇಳಿಯಿತು. ಮೊದಲನೆಯದು ಬರೀ 100 ಆಟ, ಹಾಗಾಗಿ ಅದರಲ್ಲಿ ಅದೃಷ್ಟದ ಪಾಲೂ ಇರಬಹುದು. ಆದರೆ ಆ 100 ಎಂಬ ಸಂಖ್ಯೆಯನ್ನು ಎಲ್ಲ ಕಾಲಕ್ಕೂ ಸಲ್ಲುವ ಸತ್ಯ ಎಂದು ಹಿಡಿದುಕೊಂಡವರಿಗೆ ಎರಡನೆಯ ಪಂದ್ಯ ಒಳ್ಳೆಯ ಪಾಠ.

ಮೂರನೆಯದು: ± ಕಾಲಂ

ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಅತಿ ಮುಖ್ಯ ಕಾಲಂ ಇದು. ಅತಿ ಕಡಿಮೆ ಜನ ಓದುವುದೂ ಇದನ್ನೇ.

ಆಟಗಳ ಫಲಿತಾಂಶದಲ್ಲಿ ಅದೃಷ್ಟ ಬೆರೆತಿರುತ್ತದೆ. ಅವೇ ಎರಡು ಎಂಜಿನ್‌ಗಳನ್ನು ಮತ್ತೆ ಮತ್ತೆ ನೂರು ಆಟ ಆಡಿಸಿದರೆ ಪ್ರತಿ ಸಲವೂ ಬೇರೆ ಫಲಿತಾಂಶ ಬರುತ್ತದೆ. ± ಎಂಬುದು ಆ ಏರಿಳಿತದ ಅಂದಾಜು. 3500 ± 12 ಎಂದಿದ್ದರೆ ನಿಜವಾದ ಅಂಕ 3488ರಿಂದ 3512ರ ಒಳಗೆ ಇರುವ ಸಾಧ್ಯತೆ ಸಾಮಾನ್ಯವಾಗಿ ಶೇ. 95 ಎಂದು ಅರ್ಥ.

ಒಂದು ಉದಾಹರಣೆ ಪೂರ್ತಿ ಲೆಕ್ಕ ಹಾಕೋಣ. ಎ ಎಂಬ ಎಂಜಿನ್ ಬಿ ಜೊತೆ 100 ಆಟ ಆಡಿತು. 30 ಗೆಲುವು, 20 ಸೋಲು, 50 ಡ್ರಾ. ಒಟ್ಟು 55 ಪಾಯಿಂಟ್. ಎಲೋ ಪ್ರಕಾರ ಎ 35 ಅಂಕ ಮೇಲೆ. ಕೇಳಲು ಭರ್ಜರಿಯಾಗಿದೆ ಅಲ್ವಾ? ಆದರೆ ಶೇ. 95ರ ವ್ಯಾಪ್ತಿ ಲೆಕ್ಕ ಮಾಡಿದರೆ ಅದು ಸುಮಾರು −13ರಿಂದ +84ರವರೆಗೆ ಹರಡುತ್ತದೆ. ಅಂದರೆ ಎ ಸ್ವಲ್ಪ ದುರ್ಬಲ ಆಗಿರುವ ಸಾಧ್ಯತೆಯೂ ಇನ್ನೂ ಉಳಿದಿದೆ.

ಸಮಬಲದ ಎರಡು ಎಂಜಿನ್‌ಗಳು, ಅರ್ಧದಷ್ಟು ಆಟ ಡ್ರಾ ಎಂದುಕೊಂಡರೆ ಅಂದಾಜು ಹೀಗಿದೆ. 100 ಆಟಕ್ಕೆ ± 48. 1000 ಆಟಕ್ಕೆ ± 15. 10,000 ಆಟಕ್ಕೆ ± 5. ಆಟ ಹತ್ತು ಪಟ್ಟು ಮಾಡಿದರೂ ತಪ್ಪಿನ ವ್ಯಾಪ್ತಿ ಮೂರನೇ ಒಂದು ಭಾಗಕ್ಕೆ ಮಾತ್ರ ಇಳಿಯುತ್ತದೆ. ಅದನ್ನು ಅರ್ಧ ಮಾಡಬೇಕೆಂದರೆ ನಾಲ್ಕು ಪಟ್ಟು ಆಟ ಬೇಕು. 5 ಎಲೋ ಸುಧಾರಣೆ ಆಗಿದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳಲು ಹತ್ತಿರ ಹತ್ತಿರ 10 ಸಾವಿರ ಆಟ ಬೇಕಾಗುತ್ತದೆ.

ಎರಡು ಎಂಜಿನ್‌ಗಳನ್ನು ಹೋಲಿಸುವಾಗ ಎರಡರ ± ಕೂಡ ಲೆಕ್ಕಕ್ಕೆ ಬರುತ್ತದೆ. ಎರಡೂ ± 10 ಆಗಿದ್ದರೆ ಅವುಗಳ ಅಂತರದ ಅನಿಶ್ಚಿತತೆ ಸುಮಾರು ± 14. ನೇರವಾಗಿ ಕೂಡಿ 20 ಎನ್ನಬೇಕಿಲ್ಲ, 10 ಎಂದೂ ಬಿಡಬಾರದು. ಅಂತರ ಈ 14ಕ್ಕಿಂತ ಕಡಿಮೆ ಇದ್ದರೆ ಆ ಎರಡರ ಕ್ರಮವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಪಟ್ಟಿಗೆ ಹೊಸದಾಗಿ ಬಂದ, ಕಡಿಮೆ ಆಟ ಆಡಿದ ಎಂಜಿನ್ ಮೇಲ್ಭಾಗದಲ್ಲಿ ಕಂಡರೆ ಸ್ವಲ್ಪ ತಡೆಯಿರಿ. ಹತ್ತು ಸಮಬಲದ ಎಂಜಿನ್‌ಗಳಿದ್ದರೂ ಯಾವುದೋ ಒಂದು ಅದೃಷ್ಟದಿಂದ ಮೇಲೆ ಬಂದೇ ಬರುತ್ತದೆ. ಮೇಲೆ ಇರುವುದನ್ನೇ ಆರಿಸಿಕೊಂಡು ನೋಡುವ ನಾವು ಅದೃಷ್ಟವನ್ನೂ ಸೇರಿಸಿ ಆರಿಸಿಕೊಂಡಿರುತ್ತೇವೆ. ಆಟ ಹೆಚ್ಚಾದಂತೆ ಇಂಥ ಎಂಜಿನ್‌ಗಳ ಅಂಕ ಇಳಿಯುವುದು ಸಹಜ. ಇದರಲ್ಲಿ ಮೋಸ ಏನೂ ಇಲ್ಲ.

± ಕಾಲಂ ಆಟಗಳ ಸಂಖ್ಯೆಯಿಂದ ಬರುವ ಅನಿಶ್ಚಿತತೆಯನ್ನು ಮಾತ್ರ ತೋರಿಸುತ್ತದೆ ಎನ್ನುವುದನ್ನೂ ನೆನಪಿಡಿ. ಯಂತ್ರ, ಓಪನಿಂಗ್, ಎದುರಾಳಿಗಳ ಆಯ್ಕೆಯಿಂದ ಬರುವ ಓರೆ (ಒಂದೇ ಕಡೆಗೆ ವಾಲುವ ತಪ್ಪು) ಅದರಲ್ಲಿ ಇರುವುದಿಲ್ಲ. ಲಕ್ಷ ಆಟ ಆಡಿಸಿ ± 2 ಬಂದರೂ ಆ ಓರೆ ಹಾಗೇ ಇರುತ್ತದೆ.

ನಾಲ್ಕನೆಯದು: ಯಾರ ಜೊತೆ ಆಡಿದೆ ನೋಡಿ

ಎಂಜಿನ್ ಹೆಸರಿನ ಮೇಲೆ ಕ್ಲಿಕ್ ಮಾಡಿದರೆ ಹಲವು ಪಟ್ಟಿಗಳಲ್ಲಿ ಎದುರಾಳಿಗಳ ವಿವರ ಸಿಗುತ್ತದೆ. ಒಂದು ಎಂಜಿನ್ ತನಗಿಂತ ತುಂಬ ದುರ್ಬಲವಾದವುಗಳ ಜೊತೆಯೇ ಆಡಿದ್ದರೆ ಆ ಅಂಕ ಅಷ್ಟು ಗಟ್ಟಿ ಅಲ್ಲ. ದೊಡ್ಡ ಅಂತರದಲ್ಲಿ ಎಲೋ ಸೂತ್ರ ಹೇಳುವುದಕ್ಕೂ ನಿಜಕ್ಕೂ ಹೊಂದಾಣಿಕೆ ಕಡಿಮೆಯಾಗುತ್ತದೆ. ಸುಮಾರು ಸಮಬಲದ, ಬೇರೆ ಬೇರೆ ಲೇಖಕರ ಹತ್ತಾರು ಎಂಜಿನ್‌ಗಳ ಜೊತೆ ಆಡಿದ್ದರೆ ನಂಬಿಕೆ ಹೆಚ್ಚು.

ಒಂದು ಎಂಜಿನ್ನಿನ ಹೊಸ ಆವೃತ್ತಿಯನ್ನು ಅದರ ಹಳೆಯ ಆವೃತ್ತಿಯ ಜೊತೆ ಆಡಿಸಿದಾಗ ಅಂತರ ಸಾಮಾನ್ಯವಾಗಿ ದೊಡ್ಡದಾಗಿ ಕಾಣುತ್ತದೆ. ಇಬ್ಬರ ಯೋಚನೆಯೂ ಒಂದೇ ತರಹ. ಹಾಗಾಗಿ ಸ್ವಲ್ಪ ಆಳವಾಗಿ ನೋಡುವವನು ಮತ್ತೆ ಮತ್ತೆ ಗೆಲ್ಲುತ್ತಾನೆ. ಬೇರೆಯವರ ಜೊತೆ ಆಡಿದಾಗ ಆ ಅಂತರ ಕುಗ್ಗುತ್ತದೆ. ಲೇಖಕರು ಬಿಡುಗಡೆ ಟಿಪ್ಪಣಿಯಲ್ಲಿ 40 ಎಲೋ ಹೆಚ್ಚಾಗಿದೆ ಎಂದು ಬರೆದದ್ದು ಪಟ್ಟಿಯಲ್ಲಿ 20 ಆಗಿ ಕಂಡರೆ ಅವರು ಸುಳ್ಳು ಹೇಳಿದ್ದಾರೆ ಎಂದುಕೊಳ್ಳಬೇಡಿ.

ಕಂಟೆಂಪ್ಟ್ ಎಂಬ ಸೆಟ್ಟಿಂಗ್ ಕೂಡ ಇಲ್ಲಿ ಕೆಲಸ ಮಾಡುತ್ತದೆ. ಅದು ಇದ್ದರೆ ಎಂಜಿನ್ ಸುಲಭದ ಡ್ರಾ ತಪ್ಪಿಸಿ ಆಟವನ್ನು ಜಟಿಲ ಮಾಡುತ್ತದೆ. ದುರ್ಬಲರ ಮೇಲೆ ಜಾಸ್ತಿ ಗೆಲುವು ಬರುತ್ತದೆ, ಸಮಬಲದವರ ಮುಂದೆ ಸ್ವಲ್ಪ ಅಪಾಯ. ದುರ್ಬಲ ಎದುರಾಳಿಗಳು ತುಂಬ ಇರುವ ಪಟ್ಟಿಯಲ್ಲಿ ಇದರಿಂದ ಅಂಕ ಏರುತ್ತದೆ.

ಎ ಎಂಬುದು ಬಿಯನ್ನು ಸೋಲಿಸುತ್ತದೆ, ಬಿ ಎಂಬುದು ಸಿಯನ್ನು ಸೋಲಿಸುತ್ತದೆ, ಆದರೆ ಸಿ ಮುಂದೆ ಎ ತಿಣುಕಾಡುತ್ತದೆ. ಇಂಥದ್ದು ಎಂಜಿನ್‌ಗಳಲ್ಲೂ ಉಂಟು. ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಪಟ್ಟಿ ಇದನ್ನು ತೋರಿಸಲಾರದು. ನಿಮಗೆ ಎರಡು ನಿರ್ದಿಷ್ಟ ಎಂಜಿನ್‌ಗಳ ಬಗ್ಗೆಯೇ ಕುತೂಹಲ ಇದ್ದರೆ ಅವು ನೇರವಾಗಿ ಆಡಿದ ಆಟಗಳನ್ನು ತೆಗೆದು ನೋಡಿ, ಜೊತೆಗೆ ಎಷ್ಟು ಆಟ ಎಂದೂ ನೋಡಿ.

ಒಂದು ಎಂಜಿನ್ ಹೊಸದಾಗಿ ಒಂದೂ ಆಟ ಆಡದೆ ಅದರ ಅಂಕ 2, 3 ಬದಲಾದರೆ ಗಾಬರಿ ಬೇಡ. ರೆಮಿ ಕುಲೋಂ ಬರೆದ ಬೇಯ್ಸ್‌ಎಲೋ, ಆಮೇಲೆ ಬಂದ ಓರ್ಡೋ ಮುಂತಾದ ತಂತ್ರಾಂಶಗಳು ಎಲ್ಲ ಆಟಗಳನ್ನೂ ಒಟ್ಟಿಗೆ ಹಾಕಿ ಮೊದಲಿನಿಂದ ಲೆಕ್ಕ ಮಾಡುತ್ತವೆ. ಎದುರಾಳಿಗಳ ಅಂಕ ಸರಿದರೆ ಇದರದ್ದೂ ಸರಿಯುತ್ತದೆ.

ಐದನೆಯದು: ಓಪನಿಂಗ್ ಮತ್ತು ಡ್ರಾ

ಇಂದಿನ ಬಲಶಾಲಿ ಎಂಜಿನ್‌ಗಳಿಗೆ ಸಮತೋಲನದ ಓಪನಿಂಗ್ ಕೊಟ್ಟು ಸಾಕಷ್ಟು ಸಮಯ ಕೊಟ್ಟರೆ ಹೆಚ್ಚಿನ ಆಟ ಡ್ರಾ ಆಗುತ್ತವೆ. ಆಗ ಎಲ್ಲರ ಅಂಕವೂ ಒಂದಕ್ಕೊಂದು ಹತ್ತಿರ ಬರುತ್ತದೆ. ಸಮಯ ಹೆಚ್ಚಿದಷ್ಟೂ ಹೀಗೆ ಕುಗ್ಗುತ್ತದೆ. ಅದಕ್ಕೇ ಬ್ಲಿಟ್ಜ್ ಪಟ್ಟಿಯಲ್ಲಿ ದೊಡ್ಡದಾಗಿ ಕಾಣುವ ಅಂತರ ನಿಧಾನ ಆಟದ ಪಟ್ಟಿಯಲ್ಲಿ ಚಿಕ್ಕದಾಗಿರುತ್ತದೆ.

ಇದಕ್ಕೆ ಪರಿಹಾರವಾಗಿ ಕೆಲವರು ಬೇಕೆಂದೇ ಓರೆಯಾದ ಓಪನಿಂಗ್ ಬಳಸುತ್ತಾರೆ. ಯುಎಚ್‌ಒ ಎಂಬ ಸಂಗ್ರಹ ಇಂಥದ್ದು. ಮನುಷ್ಯರ ಆಟಗಳಿಂದ ತೆಗೆದ, ಬಿಳಿಗೆ ಸ್ಪಷ್ಟ ಅನುಕೂಲ ಇರುವ ಸ್ಥಿತಿಗಳು ಅದರಲ್ಲಿವೆ. ಪ್ರತಿ ಸ್ಥಿತಿಯನ್ನೂ ಎರಡು ಸಲ ಆಡಿಸುತ್ತಾರೆ, ಬಣ್ಣ ಬದಲಿಸಿ. ಬಿಳಿಯಲ್ಲಿ ಗೆದ್ದು ಕಪ್ಪಿನಲ್ಲಿ ಡ್ರಾ ಉಳಿಸಿಕೊಂಡವರು ಆ ಜೋಡಿಯನ್ನು ಗೆದ್ದಂತೆ. ಡ್ರಾ ಕಡಿಮೆಯಾಗಿ ಎಂಜಿನ್‌ಗಳ ನಡುವೆ ಅಂತರ ಚೆನ್ನಾಗಿ ಕಾಣುತ್ತದೆ. ನನಗೆ ಈ ಪದ್ಧತಿ ಇಷ್ಟ. ಸಮತೋಲನದ ಓಪನಿಂಗ್‌ನಲ್ಲಿ ಸಾವಿರಾರು ಡ್ರಾ ಆಡಿಸುವುದಕ್ಕಿಂತ ಇದರಲ್ಲಿ ಬೇಗ ಉತ್ತರ ಸಿಗುತ್ತದೆ. ಆದರೆ ಇಲ್ಲಿ ಬಂದ 60 ಎಲೋ ಅಂತರವನ್ನು ಸಾಮಾನ್ಯ ಪುಸ್ತಕದ ಪಟ್ಟಿಯ 20 ಎಲೋ ಅಂತರದ ಪಕ್ಕ ಇಟ್ಟು ಒಂದು ಸರಿ, ಇನ್ನೊಂದು ತಪ್ಪು ಎನ್ನುವುದು ಸರಿಯಲ್ಲ. ಎರಡೂ ಬೇರೆ ಅಳತೆಗಳು.

ಆರನೆಯದು: ಎರಡು ಮೂರು ಪಟ್ಟಿ ಒಟ್ಟಿಗೆ ನೋಡಿ

ಸಿಸಿಆರ್‌ಎಲ್, ಸಿಇಜಿಟಿ, ಎಸ್‌ಎಸ್‌ಡಿಎಫ್ ಇವುಗಳ ಅಂಕಗಳನ್ನು ಹೋಲಿಸಬೇಡಿ, ಕ್ರಮವನ್ನು ಹೋಲಿಸಿ. ಬೇರೆ ಬೇರೆ ಜನ, ಬೇರೆ ಯಂತ್ರ, ಬೇರೆ ಓಪನಿಂಗ್ ಬಳಸಿಯೂ ಎಲ್ಲ ಕಡೆ ಎ ಎಂಬುದು ಬಿಗಿಂತ ಮೇಲಿದ್ದರೆ ಅದು ಗಟ್ಟಿ ಸಾಕ್ಷಿ. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಇದ್ದರೆ ಅವು ಸಮಬಲ ಎಂದುಕೊಳ್ಳಿ. ಎಂಜಿನ್‌ಗಳ ನಡುವೆ ನಡೆಯುವ ಟಿಸಿಇಸಿ ಪಂದ್ಯಾವಳಿಯ ಫಲಿತಾಂಶವನ್ನು ಇದಕ್ಕೆ ಸೇರಿಸುವಾಗ ಒಂದು ಎಚ್ಚರ. ಅದರ ಅಂತಿಮ ಪಂದ್ಯ 100 ಆಟಗಳದ್ದು. ಆಟಗಳ ಗುಣಮಟ್ಟ ಅದ್ಭುತ, ಯಂತ್ರ ಬಲವಾದದ್ದು. ಆದರೆ 100 ಆಟ ಎಂದರೆ ಅಳತೆ ಎಷ್ಟು ಒರಟು ಎನ್ನುವುದನ್ನು ಈಗಷ್ಟೇ ನೋಡಿದೆವು.

ಏಳನೆಯದು: ಬೇಕಿದ್ದರೆ ನೀವೇ ಆಡಿಸಿ

ಪಟ್ಟಿಯ ಷರತ್ತು ನಿಮ್ಮ ಬಳಕೆಗೆ ಹೊಂದದಿದ್ದರೆ, ಅಥವಾ ನೀವೇ ಎಂಜಿನ್ ಬರೆಯುತ್ತಿದ್ದರೆ, ಸ್ವಂತ ಪರೀಕ್ಷೆಯೇ ದಾರಿ. ಕ್ಯೂಟ್‌ಚೆಸ್ ಅಥವಾ ಫಾಸ್ಟ್‌ಚೆಸ್ ಎಂಬ ಉಚಿತ ತಂತ್ರಾಂಶ ಸಾಕು. ಅವು ಯುಸಿಐ (ಎಂಜಿನ್ ಮತ್ತು ಬೇರೆ ತಂತ್ರಾಂಶ ಮಾತಾಡಿಕೊಳ್ಳುವ ಸಾಮಾನ್ಯ ಭಾಷೆ) ಬಳಸುವ ಎಂಜಿನ್‌ಗಳನ್ನು ಒಂದರ ಮೇಲೊಂದು ಆಡಿಸಿ ಲೆಕ್ಕವನ್ನೂ ಕೊಡುತ್ತವೆ.

ಮೊದಲು ಸರಿಯಾದ ಫೈಲ್ ಇಳಿಸಿಕೊಳ್ಳಿ. ಒಂದೇ ಎಂಜಿನ್ನಿಗೆ ಬೇರೆ ಬೇರೆ ಪ್ರೊಸೆಸರ್‌ಗೆ ಬೇರೆ ಫೈಲ್ ಇರುತ್ತದೆ. ಒಂದಕ್ಕೆ ಎವಿಎಕ್ಸ್2 ಫೈಲ್, ಇನ್ನೊಂದಕ್ಕೆ ಹಳೆಯ ಯಂತ್ರದ ಫೈಲ್ ಹಾಕಿದರೆ ಪರೀಕ್ಷೆ ಶುರುವಾಗುವ ಮೊದಲೇ ಕೆಟ್ಟಿತು. ಸ್ಟಾಕ್‌ಫಿಶ್‌ನಲ್ಲಿ ಬೆಂಚ್ ಎಂಬ ಆದೇಶ ಕೊಟ್ಟರೆ ಸೆಕೆಂಡಿಗೆ ಎಷ್ಟು ಸ್ಥಿತಿಗಳನ್ನು ನೋಡುತ್ತದೆ ಎಂದು ತೋರಿಸುತ್ತದೆ. ಬೇರೆ ಬೇರೆ ಫೈಲ್ ಓಡಿಸಿ ನೋಡಿದರೆ ವೇಗದ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಎರಡು ಬೇರೆ ಎಂಜಿನ್‌ಗಳ ನಡುವೆ ಮಾತ್ರ ಈ ಸಂಖ್ಯೆಯನ್ನು ಹೋಲಿಸಬೇಡಿ. ಪ್ರತಿಯೊಂದೂ ಎಣಿಸುವ ರೀತಿ ಬೇರೆ.

ಎರಡೂ ಎಂಜಿನ್‌ಗಳಿಗೆ ಥ್ರೆಡ್ ಒಂದೊಂದೇ ಇರಲಿ, ಹ್ಯಾಶ್ ಒಂದೇ ಅಳತೆ ಇರಲಿ, ಟೇಬಲ್‌ಬೇಸ್ (ಕೆಲವೇ ಕಾಯಿ ಉಳಿದ ಸ್ಥಿತಿಗಳ ಸಿದ್ಧ ಉತ್ತರಗಳ ಸಂಗ್ರಹ) ಕೊಡುವುದಾದರೆ ಎರಡಕ್ಕೂ ಕೊಡಿ. ಪಾಂಡರಿಂಗ್ ಬಂದ್ ಮಾಡಿ. ಏಕಕಾಲಕ್ಕೆ ಎಷ್ಟು ಆಟ ಓಡಿಸಬೇಕು ಎಂಬುದು ನಿಮ್ಮ ನಿಜವಾದ ಕೋರ್‌ಗಳ ಸಂಖ್ಯೆಗಿಂತ ಒಂದಾದರೂ ಕಡಿಮೆ ಇರಲಿ. ಪ್ರೊಸೆಸರ್ ಎಂಟು ಥ್ರೆಡ್ ತೋರಿಸಿದರೂ ಒಳಗೆ ನಾಲ್ಕೇ ಕೋರ್ ಇರಬಹುದು. ಪರೀಕ್ಷೆ ನಡೆಯುವಾಗ ಅದೇ ಕಂಪ್ಯೂಟರಿನಲ್ಲಿ ವಿಡಿಯೊ ನೋಡುವುದು, ಬೇರೆ ಕೆಲಸ ಮಾಡುವುದು ಬೇಡ.

ಓಪನಿಂಗ್ ಫೈಲ್ ಬೇಕೇ ಬೇಕು. ಇಲ್ಲದಿದ್ದರೆ ಒಂದೇ ಆಟ ಮತ್ತೆ ಮತ್ತೆ ಬರುತ್ತದೆ, ಸಾವಿರ ಆಟ ಆಡಿಸಿಯೂ ಹತ್ತಾರು ಆಟದಷ್ಟೇ ಮಾಹಿತಿ ಸಿಗುತ್ತದೆ. ಪ್ರತಿ ಓಪನಿಂಗ್ ಎರಡೂ ಬಣ್ಣದಲ್ಲಿ ಬರುವಂತೆ ಸೆಟ್ ಮಾಡಿ.

ಸಮಯ ಎಷ್ಟು ಹಿಡಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಆಟಕ್ಕೆ 10 ಸೆಕೆಂಡ್, ನಡೆಗೆ 0.1 ಸೆಕೆಂಡ್ ಎಂದು ಇಟ್ಟರೆ, 60 ನಡೆಯ ಆಟಕ್ಕೆ ಇಬ್ಬರಿಗೂ ಸೇರಿ ಹೆಚ್ಚೆಂದರೆ 32 ಸೆಕೆಂಡ್. ಸಾವಿರ ಆಟಕ್ಕೆ ಸುಮಾರು 9 ಗಂಟೆ. ನಾಲ್ಕು ಆಟ ಒಟ್ಟಿಗೆ ಓಡಿದರೆ 2 ಗಂಟೆ ಚಿಲ್ಲರೆ. ಸ್ಟಾಕ್‌ಫಿಶ್ ತಂಡದ ಫಿಶ್‌ಟೆಸ್ಟ್ ವ್ಯವಸ್ಥೆಯೂ ಮೊದಲ ಸುತ್ತಿಗೆ ಇದೇ 10 + 0.1 ಬಳಸುತ್ತದೆ, ಅದರಲ್ಲಿ ಪಾಸಾದ ಬದಲಾವಣೆಯನ್ನು 60 + 0.6ರಲ್ಲಿ ಮತ್ತೆ ಪರೀಕ್ಷಿಸುತ್ತದೆ. 2013ರಿಂದ ಜಗತ್ತಿನ ಎಲ್ಲೆಡೆಯ ಸ್ವಯಂಸೇವಕರ ಕಂಪ್ಯೂಟರ್‌ಗಳು ಅಲ್ಲಿ ದುಡಿಯುತ್ತಿವೆ. ಒಂದು ಸಣ್ಣ ಬದಲಾವಣೆಗೂ ಸಾವಿರಾರು, ಎಷ್ಟೋ ಸಲ ಹತ್ತಾರು ಸಾವಿರ ಆಟ ಆಡಿಸುತ್ತಾರೆ. ಸ್ಟಾಕ್‌ಫಿಶ್ ಇಷ್ಟು ಮುಂದೆ ಬಂದದ್ದಕ್ಕೆ ಈ ಶಿಸ್ತು ದೊಡ್ಡ ಕಾರಣ ಎಂದು ನಾನು ನಂಬುತ್ತೇನೆ.

ಎಲ್ಲಕ್ಕಿಂತ ಮುಖ್ಯ: ಯಾವಾಗ ನಿಲ್ಲಿಸಬೇಕು ಎಂದು ಮೊದಲೇ ತೀರ್ಮಾನಿಸಿ. ಆಗಾಗ ಇಣುಕಿ ನೋಡಿ, ನಮಗೆ ಇಷ್ಟವಾದ ಎಂಜಿನ್ ಮುಂದಿರುವಾಗ ನಿಲ್ಲಿಸಿದರೆ ಆ ಫಲಿತಾಂಶಕ್ಕೆ ಬೆಲೆ ಇಲ್ಲ. ಸಮಬಲದ ಎಂಜಿನ್‌ಗಳಲ್ಲೂ ಯಾವುದೋ ಒಂದು ಹೊತ್ತಿನಲ್ಲಿ ಒಂದು ಮುಂದೆ ಇದ್ದೇ ಇರುತ್ತದೆ. ಒಂದೋ ಆಟಗಳ ಸಂಖ್ಯೆ ಮೊದಲೇ ಗೊತ್ತು ಮಾಡಿ, ಕೊನೆಯವರೆಗೂ ಓಡಿಸಿ. ಇಲ್ಲವೇ ಎಸ್‌ಪಿಆರ್‌ಟಿ ಬಳಸಿ. ಗಣಿತಜ್ಞ ಅಬ್ರಹಾಂ ವಾಲ್ಡ್ ರೂಪಿಸಿದ ಈ ವಿಧಾನ ಪ್ರತಿ ಆಟದ ನಂತರವೂ ಲೆಕ್ಕ ನೋಡಲು ಬಿಡುತ್ತದೆ, ಆದರೆ ನಿಲ್ಲುವ ಗಡಿ ಮೊದಲೇ ನಿಗದಿಯಾಗಿರುತ್ತದೆ. ಉದಾಹರಣೆಗೆ 0 ಎಲೋ ಅಥವಾ 5 ಎಲೋ ಎಂಬ ಎರಡು ಊಹೆ ಕೊಟ್ಟು, ಎರಡೂ ಕಡೆ ಶೇ. 5 ತಪ್ಪಿಗೆ ಅವಕಾಶ ಇಟ್ಟರೆ, ಯಾವ ಊಹೆ ಆಟಗಳಿಗೆ ಹೆಚ್ಚು ಹೊಂದುತ್ತದೆ ಎಂದು ತೋರಿಸುವ ಲೆಕ್ಕ (ಇದು ಎಲೋ ಅಲ್ಲ) +2.94 ದಾಟಿದಾಗ ಸುಧಾರಣೆ ಇದೆ ಎಂದೂ, −2.94ಕ್ಕೆ ಇಳಿದಾಗ ಇಲ್ಲ ಎಂದೂ ನಿಲ್ಲುತ್ತದೆ. ಮೇಲೆ ಹೇಳಿದ ಎರಡೂ ತಂತ್ರಾಂಶಗಳಲ್ಲಿ ಇದು ಇದೆ.

ಮುಗಿದ ಮೇಲೆ ಆಟಗಳ ಫೈಲ್ ತೆರೆದು ಸೋಲುಗಳಿಗೆ ಕಾರಣ ನೋಡಿ. ಸಮಯ ಮುಗಿದು ಸೋತದ್ದು, ಎಂಜಿನ್ ಕುಸಿದು ಸೋತದ್ದು ಎಷ್ಟಿವೆ? ನೂರಕ್ಕೆ ಒಂದೆರಡು ಇದ್ದರೂ ಅಂಕ ಹಲವು ಎಲೋ ಜಾರುತ್ತದೆ. ಇಂಥವು ಸಿಕ್ಕರೆ ಸೆಟ್ಟಿಂಗ್ ಸರಿ ಮಾಡಿ ಮೊದಲಿನಿಂದ ಓಡಿಸಿ. ಫಲಿತಾಂಶವನ್ನು ಯಾರಿಗಾದರೂ ಹೇಳುವಾಗ ಗೆಲುವು, ಸೋಲು, ಡ್ರಾ ಮೂರನ್ನೂ ಕೊಡಿ. ಸಮಯ, ಥ್ರೆಡ್, ಹ್ಯಾಶ್, ಓಪನಿಂಗ್ ಫೈಲಿನ ಹೆಸರನ್ನೂ ಬರೆಯಿರಿ.

ಕೊನೆಗೆ: ನಿಮಗೆ ಎಂಜಿನ್ ಯಾಕೆ ಬೇಕು?

ನಿಮ್ಮ ಆಟಗಳ ವಿಶ್ಲೇಷಣೆಗೆ ಬೇಕಿದ್ದರೆ ಪಟ್ಟಿಯ ಮೊದಲ ಹತ್ತರಲ್ಲಿ ಯಾವುದಾದರೂ ಸಾಕು. ಅಲ್ಲಿನ 20, 30 ಎಲೋ ವ್ಯತ್ಯಾಸ ನಿಮ್ಮ ತಪ್ಪು ನಡೆ ಹುಡುಕುವಲ್ಲಿ ಕಾಣಿಸುವುದಿಲ್ಲ. ಒಂದರ ಬದಲು ಸ್ವಭಾವ ಬೇರೆ ಇರುವ ಎರಡನ್ನು ಇಟ್ಟುಕೊಳ್ಳಿ, ಸ್ಟಾಕ್‌ಫಿಶ್ ಮತ್ತು ಲೀಲಾ ತರಹ. ಎರಡೂ ಒಂದೇ ನಡೆ ಹೇಳಿದರೆ ಮುಂದೆ ಹೋಗಿ. ಬೇರೆ ಹೇಳಿದರೆ ಅಲ್ಲಿ ನಿಂತು ಯೋಚಿಸಿ, ಕಲಿಯುವುದು ಅಲ್ಲೇ ಇರುತ್ತದೆ.

ಎದುರು ಕೂತು ಆಡಲು ಬೇಕಿದ್ದರೆ ಪಟ್ಟಿಯಿಂದ ಉಪಯೋಗ ಇನ್ನೂ ಕಡಿಮೆ. ಸ್ಟಾಕ್‌ಫಿಶ್‌ನಲ್ಲಿ ಬಲವನ್ನು ಇಳಿಸಿ ಒಂದು ಎಲೋ ಮಟ್ಟ ಆರಿಸುವ ಸೆಟ್ಟಿಂಗ್ ಇದೆ. ಆ ಮಟ್ಟವನ್ನು ಅವರು ಹೊಂದಿಸಿರುವುದು ಎಂಜಿನ್‌ಗಳ ಪಟ್ಟಿಗೆ. ಹಾಗಾಗಿ ಅದರ 1800 ಮತ್ತು ನಿಮ್ಮ ಕ್ಲಬ್ಬಿನ 1800 ಆಟಗಾರ ಒಂದೇ ಅಲ್ಲ. ಸಂಖ್ಯೆಯನ್ನು ಬಿಡಿ. ಒಂದು ಮಟ್ಟದಲ್ಲಿ ಹತ್ತು ಹನ್ನೆರಡು ಆಟ ಆಡಿ. ಅರ್ಧದಷ್ಟು ಪಾಯಿಂಟ್ ಬಂದರೆ ಅಲ್ಲೇ ಇರಿ. ಎಲ್ಲವೂ ಸೋತರೆ 100 ಇಳಿಸಿ, ಸುಲಭವಾಗಿ ಗೆಲ್ಲುತ್ತಿದ್ದರೆ 100 ಏರಿಸಿ.